‘ಅದು ಎಲ್ಲರ ಫೋನಲ್ಲೂ ಓಡಲ್ಲ ಸರ್’

ಜಯನಗರದ ಶಾಲೆಯ ಆಡಳಿತ ಮಂಡಳಿ ಇರಲಿ, ಬನಶಂಕರಿಯ ಸಂಗೀತ ಪಾಠಶಾಲೆ ಇರಲಿ, ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇರಲಿ, ವಿಡಿಯೊ ಮೀಟಿಂಗಿಗೆ ಓಪನ್ ಸೋರ್ಸ್, ಎಂದರೆ ಕೋಡು ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶ ಬಳಸೋಣ ಎಂದು ಯಾರಾದರೂ ಬಾಯಿಬಿಟ್ಟರೆ ಸಿಗುವ ಉತ್ತರ ಒಂದೇ: ‘ಕೇಳೋಕೆ ಚೆನ್ನಾಗಿದೆ ಸರ್, ಆದ್ರೆ ಅದು ಎಲ್ಲರ ಫೋನಲ್ಲೂ ಓಡಲ್ಲ.’ ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಝೂಮ್ ಚಂದಾ ನವೀಕರಣಕ್ಕೆ ಒಪ್ಪಿಗೆ ಬೀಳುತ್ತದೆ, ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ. ಓಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಈ ಮಾತು ತಪ್ಪು. ತಾಂತ್ರಿಕವಾಗಿ ತಪ್ಪು, ದಕ್ಷಿಣ ಬೆಂಗಳೂರಿನ ಮಟ್ಟಿಗಂತೂ ಇನ್ನೂ ದೊಡ್ಡ ತಪ್ಪು.

ಹಾಗೆಂದು ಅದು ಬುಡವಿಲ್ಲದೆ ಹುಟ್ಟಿದ್ದೂ ಅಲ್ಲ. 2020ರ ಲಾಕ್‌ಡೌನಿನಲ್ಲಿ ಈ ಬಡಾವಣೆಗಳ ಮನೆಮನೆಯಲ್ಲೂ ಒಂದೇ ಬಗೆಯ ಇಕ್ಕಟ್ಟಿತ್ತು. ಅಜ್ಜಿಯ ಕೈಯಲ್ಲಿ ಹಳೆಯ ಆಂಡ್ರಾಯ್ಡ್ ಫೋನು, ಸೊಸೆಗೆ ಆಫೀಸು ಕೊಟ್ಟ ವಿಂಡೋಸ್ ಲ್ಯಾಪ್‌ಟಾಪು, ಇಂಜಿನಿಯರಿಂಗ್ ಓದುವ ಮೊಮ್ಮಗನ ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸ್, ನ್ಯೂಜೆರ್ಸಿಯ ಮಗಳ ಹತ್ತಿರ ಐಫೋನು. ನಾಲ್ವರೂ ಒಂದೇ ಹೊತ್ತಿಗೆ ಒಂದೇ ಕರೆಗೆ ಸೇರಬೇಕು. ಆಗ ಓಪನ್ ಸೋರ್ಸಿನಲ್ಲಿ ಹೆಚ್ಚು ಪರಿಚಿತವಾಗಿದ್ದ ಜಿಟ್ಸಿ ಮೀಟ್ ತಾನೇ ‘ಕ್ರೋಮ್‌ನಲ್ಲಿ ಬನ್ನಿ’ ಎನ್ನುತ್ತಿತ್ತು. ಒಬ್ಬರು ಫೈರ್‌ಫಾಕ್ಸಿನಿಂದ ಬಂದರೆ ಉಳಿದವರ ಕರೆಯೂ ಕೆಡಬಹುದಿತ್ತು. ಐಫೋನಿನಲ್ಲಿ ಕ್ರೋಮ್ ತೆರೆದವರಿಗೆ ಕ್ಯಾಮೆರಾನೇ ಸಿಗುತ್ತಿರಲಿಲ್ಲ. ಐಫೋನಿನಲ್ಲಿ ಸಫಾರಿ ಬಿಟ್ಟು ಬೇರೆ ಬ್ರೌಸರುಗಳಿಗೆ ಕ್ಯಾಮೆರಾ, ಮೈಕು ಬಳಸುವ ದಾರಿಯನ್ನು ಆ್ಯಪಲ್ ತೆರೆದದ್ದು 2020ರ ಡಿಸೆಂಬರಿನಲ್ಲಿ, ಐಒಎಸ್ 14.3ರ ಜತೆಗೆ. ಅಷ್ಟು ಹೊತ್ತಿಗೆ ಶಾಲೆಗಳ ಅರ್ಧ ವರ್ಷ ಕಳೆದಿತ್ತು, ಜನ ಒಂದು ತೀರ್ಮಾನಕ್ಕೆ ಬಂದಾಗಿತ್ತು.

ತಕರಾರಿರುವುದು ಆ ತೀರ್ಮಾನದ ಬಗ್ಗೆಯಲ್ಲ, ಅದನ್ನು ಇಂದಿಗೂ ಹೊತ್ತು ತಿರುಗುತ್ತಿರುವ ಬಗ್ಗೆ. ಫೈರ್‌ಫಾಕ್ಸಿನ ದೋಷ ಸರಿಯಾಯಿತು. ಐಫೋನಿನ ಬಾಗಿಲು ತೆರೆಯಿತು. ತೀರ್ಪು ಮಾತ್ರ ಇದ್ದಲ್ಲೇ ಇದೆ.

ಎಲ್ಲ ಯಂತ್ರಗಳಲ್ಲೂ ಓಡುವುದು ಎಂದರೆ ಏನು? ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಂಬ ಐದರಲ್ಲೂ ಮೊದಲೇ ಕೂತಿರುವ ಒಂದು ಸಾಧನವಿದೆ, ಅದು ಬ್ರೌಸರು. ಬ್ರೌಸರಿನೊಳಗೇ ವಿಡಿಯೊ ಕರೆ ಮಾಡಲು ಬೇಕಾದ ತಂತ್ರದ ಹೆಸರು ವೆಬ್‌ಆರ್‌ಟಿಸಿ. ಗ್ಲೋಬಲ್ ಐಪಿ ಸೊಲ್ಯೂಷನ್ಸ್ ಎಂಬ ಕಂಪನಿಯನ್ನು ಗೂಗಲ್ 2010ರಲ್ಲಿ ಕೊಂಡಿತು, ಅದರ ತಂತ್ರವನ್ನು ಆಧರಿಸಿದ ವೆಬ್‌ಆರ್‌ಟಿಸಿಯ ಸೋರ್ಸ್ ಕೋಡನ್ನು 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. 2013ರ ಫೆಬ್ರುವರಿಯಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಪರಸ್ಪರ ಕರೆ ಮಾಡಿ ತೋರಿಸಿದವು. 2017ರಲ್ಲಿ ಸಫಾರಿ ಸೇರಿಕೊಂಡಿತು. 2021ರ ಜನವರಿಯಲ್ಲಿ ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದನ್ನು ಅಧಿಕೃತ ವೆಬ್ ಮಾನದಂಡವೆಂದು ಅಂಗೀಕರಿಸಿತು. ಗೂಗಲ್ ಮೀಟ್ ನಿಂತಿರುವುದೂ ಇದೇ ವೆಬ್‌ಆರ್‌ಟಿಸಿಯ ಮೇಲೆ. ‘ಓಪನ್ ಸೋರ್ಸ್ ಎಲ್ಲೆಡೆ ಓಡಲ್ಲ’ ಎಂದು ಮೀಟ್‌ನಲ್ಲಿ ಕೂತು ಹೇಳುವವರ ದನಿ ಎದುರಿನವರ ಕಿವಿ ಮುಟ್ಟುವುದೇ ಓಪನ್ ಸೋರ್ಸ್ ಕೋಡಿನ ಮೂಲಕ.

ಈ ತಳಪಾಯದ ಮೇಲೆ ಎದ್ದಿರುವ ಮುಕ್ತ ತಂತ್ರಾಂಶಗಳು ಒಂದೆರಡಲ್ಲ. ಜಿಟ್ಸಿಯನ್ನು 2003ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಎಮಿಲ್ ಇವೊವ್ ಬೇರೆ ಹೆಸರಿನಲ್ಲಿ ಶುರು ಮಾಡಿದರು. ಬಿಗ್‌ಬ್ಲೂಬಟನ್ 2007ರಲ್ಲಿ ಕೆನಡಾದ ಒಟ್ಟಾವದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಪಾಠ ಮಾಡುವವರಿಗೆಂದೇ ಕಟ್ಟಿದ ಇದರಲ್ಲಿ ಬಿಳಿಹಲಗೆ, ಮತ ಎಣಿಕೆ, ಗುಂಪು ವಿಂಗಡಣೆ ಎಲ್ಲವೂ ಇವೆ, ಫೋನಿನಲ್ಲೂ ಆ್ಯಪ್ ಹಾಕಿಕೊಳ್ಳದೆ ಬ್ರೌಸರಿನಿಂದಲೇ ಸೇರಬಹುದು. ಸಣ್ಣ ತರಗತಿಗಳಿಗೆ ಹಗುರವಾದ ಗಲೀನ್ ಇದೆ, ಕಚೇರಿಗಳಿಗೆ ನೆಕ್ಸ್ಟ್‌ಕ್ಲೌಡ್ ಟಾಕ್ ಇದೆ. ಕೊರತೆಗಳೂ ಇವೆ. ಫೋನಿನ ಬ್ರೌಸರಿನಿಂದ ತಮ್ಮ ಪರದೆಯನ್ನು ಇತರರಿಗೆ ತೋರಿಸಲು ಆಗುವುದಿಲ್ಲ. ಅದಕ್ಕೆ ಜಿಟ್ಸಿಯ ಆ್ಯಪ್ ಹಾಕಿಕೊಳ್ಳಬೇಕು, ಇಲ್ಲವೇ ಲ್ಯಾಪ್‌ಟಾಪ್ ಬೇಕು. ಇದು ಸೇರಲಾಗದು ಎನ್ನುವಷ್ಟು ದೊಡ್ಡ ತೊಡಕಲ್ಲ.

2003ರ ನೆನಪು ಬಂದದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದೇ ವರ್ಷ ಸ್ಕೈಪ್ ಕೂಡ ಹುಟ್ಟಿತು. ವಿದೇಶದ ಮಕ್ಕಳೊಡನೆ ಮಾತಾಡಲು ಜಯನಗರದ ತಂದೆತಾಯಂದಿರು ಮೊದಲು ಕಲಿತದ್ದು ಸ್ಕೈಪನ್ನೇ. 2011ರಲ್ಲಿ ಮೈಕ್ರೋಸಾಫ್ಟ್ ಅದನ್ನು 850 ಕೋಟಿ ಡಾಲರಿಗೆ ಕೊಂಡಿತು, 2025ರ ಮೇ 5ರಂದು ಮುಚ್ಚಿತು. ಬಳಕೆದಾರರನ್ನು ಕೇಳಿ ಮುಚ್ಚಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅದೇ ಕಂಪನಿ ಟೀಮ್ಸ್‌ನ ಲಿನಕ್ಸ್ ಆ್ಯಪನ್ನು 2022ರ ಕೊನೆಯಲ್ಲಿ ಹಿಂತೆಗೆದುಕೊಂಡು, ಇನ್ನು ಬ್ರೌಸರಿನಿಂದ ಬನ್ನಿ ಎಂದಿತು. ಎಲ್ಲರ ಯಂತ್ರದಲ್ಲೂ ಓಡುವ ಭರವಸೆ ಕಂಪನಿಯ ಲೆಕ್ಕಾಚಾರ ಇರುವಷ್ಟು ದಿನ ಮಾತ್ರ. ಜಿಟ್ಸಿಯೂ ಮಾಲೀಕರನ್ನು ಬದಲಿಸಿದೆ: 2015ರಲ್ಲಿ ಅಟ್ಲಾಸಿಯನ್, 2018ರಲ್ಲಿ 8x8. ಆದರೂ ಅದರ ಕೋಡು ಅಪಾಚೆ ಪರವಾನಗಿಯಡಿ ಎಲ್ಲರ ಕೈಯಲ್ಲಿದೆ. ನಾಳೆ ಆ ಕಂಪನಿ ಕೈಬಿಟ್ಟರೂ ಈಗಾಗಲೇ ಹಾಕಿಕೊಂಡಿರುವ ಸರ್ವರು ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಗುಣಮಟ್ಟದ್ದು. ‘ಜಿಟ್ಸಿಯಲ್ಲಿ ವಾಯ್ಸ್ ಕಟ್ ಆಗುತ್ತೆ’ ಎನ್ನುವವರು ಸಾಮಾನ್ಯವಾಗಿ ನೋಡಿರುವುದು ಯಾರೋ ಎಲ್ಲೋ ಧರ್ಮಕ್ಕೆ ನಡೆಸುವ ಸಾರ್ವಜನಿಕ ಸರ್ವರನ್ನು. ಸರ್ವರು ಯುರೋಪಿನಲ್ಲಿದ್ದರೆ ಬಿ.ಟಿ.ಎಂ. ಲೇಔಟಿನಿಂದ ಪಕ್ಕದ ಜೆ.ಪಿ. ನಗರಕ್ಕೆ ಹೋಗಬೇಕಾದ ಮಾತು ಸಮುದ್ರ ದಾಟಿ ಹೋಗಿ ಮತ್ತೆ ಬರುತ್ತದೆ. ತಡವಾಗುವುದಕ್ಕೆ ಕಾರಣ ದಾರಿಯೇ ಹೊರತು ತಂತ್ರಾಂಶವಲ್ಲ. ಸರ್ವರು ಬೆಂಗಳೂರಿನಲ್ಲೋ ಮುಂಬೈನಲ್ಲೋ ಇದ್ದರೆ ಅನುಭವವೇ ಬೇರೆ.

ಡೇಟಾ ಖರ್ಚಿನ ಲೆಕ್ಕವನ್ನೂ ಬಿಡಿಸಿ ನೋಡಬಹುದು. ಈ ವ್ಯವಸ್ಥೆಗಳಲ್ಲಿ ಪ್ರತಿಯೊಬ್ಬರ ಫೋನೂ ತನ್ನ ಚಿತ್ರವನ್ನು ಸರ್ವರಿಗೆ ಒಮ್ಮೆ ಕಳಿಸಿದರೆ ಸಾಕು, ಉಳಿದ ಮೂವತ್ತು ಜನಕ್ಕೆ ಹಂಚುವುದು ಸರ್ವರಿನ ಕೆಲಸ. ಜಿಟ್ಸಿಯಲ್ಲಿ 720ಪಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 2,500 ಕಿಲೋಬಿಟ್ ಬೇಕು, 360ಪಿಗೆ 500, ಚಿಕ್ಕ ಚೌಕಗಳ 180ಪಿಗೆ 200. ಎಂದರೆ ಮೇಷ್ಟರ ಮುಖವನ್ನು ದೊಡ್ಡದಾಗಿ ನೋಡುತ್ತ ಒಂದು ಗಂಟೆ ಕೂತರೆ 1 ಜಿಬಿಗಿಂತ ಹೆಚ್ಚು ಹೋಗುತ್ತದೆ. 360ಪಿಗೆ ಇಳಿಸಿದರೆ 225 ಎಂಬಿ. ದಿನಕ್ಕೆ ಒಂದೂವರೆ ಜಿಬಿ ರೀಚಾರ್ಜಿನಲ್ಲಿ ಇಬ್ಬರು ಮಕ್ಕಳನ್ನು ಓದಿಸುವ ಗುರಪ್ಪನಪಾಳ್ಯದ ಮನೆಗೆ ಈ ವ್ಯತ್ಯಾಸ ದೊಡ್ಡದು. ಯಾರ ಚಿತ್ರ ಎಷ್ಟು ದೊಡ್ಡದಿರಬೇಕು ಎಂಬುದನ್ನು ಶಾಲೆಯೇ ತನ್ನ ಸರ್ವರಿನಲ್ಲಿ ನಿಗದಿ ಮಾಡಬಹುದು. ಮುಚ್ಚಿದ ಆ್ಯಪಿನಲ್ಲಿ ಕಂಪನಿ ಕೊಟ್ಟ ಆಯ್ಕೆಗಳಷ್ಟೇ ಗತಿ.

ಗುಣಮಟ್ಟದ ವಿಚಾರದಲ್ಲಿ ದಕ್ಷಿಣ ಬೆಂಗಳೂರಿಗೇ ವಿಶೇಷವಾದ ಒಂದು ಉದಾಹರಣೆಯಿದೆ. ಜಯನಗರ, ಬನಶಂಕರಿ, ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಬೆಳಗಿನ ಜಾವ ಅಮೆರಿಕದ ಮಕ್ಕಳಿಗೆ ಗಾಯನ, ವೀಣೆ, ಮೃದಂಗದ ಪಾಠ ನಡೆಯುತ್ತದೆ. ಟೀಚರ್ ಶ್ರುತಿಪೆಟ್ಟಿಗೆ ಹಾಕಿ ಕೂರುತ್ತಾರೆ. ಆಚೆ ಕಡೆಯ ಹುಡುಗಿಗೆ ಮೊದಲ ಕೆಲವು ಕ್ಷಣ ಶ್ರುತಿ ಕೇಳಿಸುತ್ತದೆ, ಆಮೇಲೆ ಕರಗಿ ಹೋಗುತ್ತದೆ. ‘ಶ್ರುತಿ ಕೇಳ್ತಿಲ್ಲ ಆಂಟಿ’ ಎಂದು ಅವಳು, ‘ಇಲ್ಲಿ ಜೋರಾಗೇ ಇದೆಯಲ್ಲಮ್ಮ’ ಎಂದು ಇವರು. ಕಾರಣ ಸರಳ. ಆಫೀಸ್ ಮೀಟಿಂಗಿಗೆಂದು ಮಾಡಿದ ತಂತ್ರಾಂಶ ಒಂದೇ ಸಮನೆ ಮೊರೆಯುವ ಸದ್ದನ್ನೆಲ್ಲ ಫ್ಯಾನು, ಎ.ಸಿ.ಯ ಗದ್ದಲವೆಂದು ಎಣಿಸಿ ಅಳಿಸುತ್ತದೆ. ತಂಬೂರಿಯ ನಾದ ಅದರ ಪಾಲಿಗೆ ಗದ್ದಲ. ವೀಣೆಯ ಮೀಟು ಇಳಿಯುತ್ತ ಇಳಿಯುತ್ತ ಉಳಿಸುವ ಕೊನೆಯ ಗಮಕವೂ ಗದ್ದಲವೇ.

ಝೂಮ್‌ನಲ್ಲಿ ಇದಕ್ಕೆ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯಿದೆ, ಅದನ್ನು ಆ್ಯಪಿನ ಸೆಟ್ಟಿಂಗ್‌ಗಳಲ್ಲಿ ಹುಡುಕಿ ಒತ್ತಬೇಕು. ಜಿಟ್ಸಿಯಲ್ಲಿ ಪಾಠದ ಲಿಂಕಿನ ಕೊನೆಗೇ ಒಂದು ಸಣ್ಣ ಸೂಚನೆ ಸೇರಿಸಬಹುದು: ಧ್ವನಿಯನ್ನು ತಿದ್ದಬೇಡ, ಬಂದಂತೆಯೇ ಕಳಿಸು. ಆ ಲಿಂಕನ್ನು ಬ್ರೌಸರಿನಲ್ಲಿ ಒತ್ತಿದವರೆಲ್ಲರಿಗೂ ಸೂಚನೆ ತಾನಾಗಿ ಅನ್ವಯಿಸುತ್ತದೆ. ಪ್ರತಿಧ್ವನಿ ತಡೆಯುವ ಏರ್ಪಾಡೂ ಆಗ ನಿಲ್ಲುವುದರಿಂದ ಇಬ್ಬರೂ ಹೆಡ್‌ಫೋನ್ ಹಾಕಿಕೊಳ್ಳಬೇಕು, ಅಷ್ಟೇ. ಗುರು ಶಿಷ್ಯರು ಒಟ್ಟಿಗೆ ಹಾಡುವುದು ಮಾತ್ರ ಯಾವ ತಂತ್ರಾಂಶದಿಂದಲೂ ಆಗದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿ.ಮೀ.; ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ನೇರ ದಾರಿಯಲ್ಲೇ 70 ಮಿಲಿಸೆಕೆಂಡ್ ಬೇಕು, ತಾಳ ತಪ್ಪಲು ಅಷ್ಟು ಸಾಕು. ಈ ಮಿತಿ ಹಣ ಕೊಟ್ಟ ಆ್ಯಪಿಗೂ ಇದೆ, ಓಪನ್ ಸೋರ್ಸಿಗೂ ಇದೆ.

ಮೂರನೆಯ ಆಕ್ಷೇಪ: ಸಾಮಾನ್ಯ ಜನಕ್ಕೆ ಇದೆಲ್ಲ ತಿಳಿಯದು, ಮೇಷ್ಟರುಗಳಿಗಂತೂ ಆಗುವುದೇ ಇಲ್ಲ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಜಯನಗರದ 4ನೇ ಟಿ ಬ್ಲಾಕಿನಲ್ಲಿರುವ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಜತೆಗೂಡಿ 2011ರಿಂದ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿತು. ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ಉಬುಂಟು ಹಾಕಿದ ಕಂಪ್ಯೂಟರಿನಲ್ಲಿ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಕಲಿತರು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಕ್ಕೆ ಕನ್ನಡದಲ್ಲಿ ಪಾಠಗಳನ್ನು ಬರೆದು ಸೇರಿಸಿದರು. ಬನ್ನೇರುಘಟ್ಟ ರಸ್ತೆಗೆ ಹತ್ತಿರದ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಸ್ವಯಂಸೇವಕರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ನಡೆಸಿದರು. ಅಲ್ಲಿನ ಮಕ್ಕಳು ಲಿನಕ್ಸ್ ಕಂಪ್ಯೂಟರಿನಲ್ಲಿ ಗಿಂಪ್ ಎಂಬ ತಂತ್ರಾಂಶದಿಂದ ಚಿತ್ರ ಬರೆದರು. ಕೂಲಿಕಾರರ ಮಕ್ಕಳು ಕಲಿತ ಲಿನಕ್ಸು ಆಡಳಿತ ಮಂಡಳಿಯವರಿಗೆ ಕಷ್ಟವೆಂದರೆ ಒಪ್ಪಲಾಗದು. ಅದೂ ಇಲ್ಲಿ ಅವರು ಮಾಡಬೇಕಿರುವುದು ಒಂದು ಲಿಂಕನ್ನು ಒತ್ತುವ ಕೆಲಸ ಮಾತ್ರ.

‘ಗಂಭೀರ ವ್ಯವಹಾರಕ್ಕೆ ಓಪನ್ ಸೋರ್ಸ್ ಸಾಲದು’ ಎನ್ನುವವರು ಜೆ.ಪಿ. ನಗರ 4ನೇ ಹಂತದ ಕಡೆ ನೋಡಬೇಕು. ದೇಶದ ಅತಿ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳಲ್ಲೊಂದಾದ ಝೀರೋಧಾ ಅಲ್ಲಿಂದ ನಡೆಯುವುದು ಬಹುಪಾಲು ಮುಕ್ತ ತಂತ್ರಾಂಶದ ಮೇಲೆ. ತನ್ನ ಬಳಕೆಗೆಂದು ಕಟ್ಟಿದ, ಇಮೇಲ್ ಪಟ್ಟಿ ನಿರ್ವಹಿಸುವ ಲಿಸ್ಟ್‌ಮಂಕನ್ನು ಅದು ಜಗತ್ತಿಗೇ ಬಿಟ್ಟುಕೊಟ್ಟಿದೆ. ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಲಕ್ಷಾಂತರ ಜನರ ಷೇರು ವಹಿವಾಟಿಗೆ ಸಾಲುವ ಭರವಸೆ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಚರ್ಚೆಗೆ ಸಾಲುವುದಿಲ್ಲವೇ?

ಹೊರಗಿನ ನಿದರ್ಶನಗಳೂ ಕಡಿಮೆಯಿಲ್ಲ. ಲಿನಕ್ಸಿನ ಒಂದು ರೂಪವಾದ ಡೆಬಿಯನ್ ಕಟ್ಟುವ ಸಮುದಾಯ ತನ್ನ 2020ರ ವಾರ್ಷಿಕ ಸಮ್ಮೇಳನವನ್ನು ಆನ್‌ಲೈನಿನಲ್ಲಿ ನಡೆಸಿದಾಗ ಜಿಟ್ಸಿ ಬಳಸಿತು. ಬ್ರಸೆಲ್ಸಿನ ಮುಕ್ತ ತಂತ್ರಾಂಶ ಸಮ್ಮೇಳನ ಫಾಸ್‌ಡೆಮ್ 2021ರಲ್ಲಿ ಸಾವಿರಾರು ಜನರನ್ನು ಮ್ಯಾಟ್ರಿಕ್ಸ್ ಎಂಬ ಚಾಟ್ ವ್ಯವಸ್ಥೆ ಮತ್ತು ಜಿಟ್ಸಿಯ ಮೂಲಕವೇ ಕೂಡಿಸಿತು. 2027ರೊಳಗೆ ತನ್ನ ಇಲಾಖೆಗಳಿಂದ ಝೂಮ್, ಟೀಮ್ಸ್‌ಗಳನ್ನು ಬಿಡಿಸಿ, ತಾನೇ ಓಪನ್ ಸೋರ್ಸಿನಲ್ಲಿ ಕಟ್ಟಿಸಿದ ವಿಸಿಯೊಗೆ ಹೋಗುವುದಾಗಿ ಫ್ರಾನ್ಸ್ ಸರಕಾರ 2026ರ ಜನವರಿಯಲ್ಲಿ ಪ್ರಕಟಿಸಿತು.

ಎದುರಾಳಿಗಳ ಬತ್ತಳಿಕೆಯಲ್ಲಿ ಕೇರಳದ ಉದಾಹರಣೆ ಇದೆ. ಶಾಲೆಗಳಲ್ಲಿ ಲಿನಕ್ಸ್ ತಂದು ದೇಶಕ್ಕೆ ಮಾದರಿಯಾದ ಆ ರಾಜ್ಯದ ಕೈಟ್ ಸಂಸ್ಥೆಯೇ 2021ರಲ್ಲಿ ಆನ್‌ಲೈನ್ ತರಗತಿಗಳಿಗೆ ಗೂಗಲ್ ವೇದಿಕೆಯನ್ನು ಆರಿಸಿಕೊಂಡಿತು. ಈ ಆಕ್ಷೇಪಕ್ಕೆ ತೂಕವಿದೆ. ಇಡೀ ರಾಜ್ಯದ ಲಕ್ಷಾಂತರ ಮಕ್ಕಳನ್ನು ಒಂದೇ ಹೊತ್ತಿಗೆ ಕೂಡಿಸಲು ಬೇಕಾಗುವ ಸರ್ವರುಗಳ ರಾಶಿಯನ್ನು ತುರ್ತಿನಲ್ಲಿ ನಿಲ್ಲಿಸುವುದು ಕಠಿಣ. ಆದರೆ ಬನಶಂಕರಿ 2ನೇ ಹಂತದ ಒಂದು ಶಾಲೆ ಇಡೀ ರಾಜ್ಯವಲ್ಲ. ಅದಕ್ಕೆ ಬೇಕಾದದ್ದು ಹತ್ತು ತರಗತಿಗಳು, ತಿಂಗಳಿಗೊಂದು ಪೋಷಕರ ಸಭೆ. ಬಿಗ್‌ಬ್ಲೂಬಟನ್ ಕೇಳುವುದು ಉಬುಂಟು ಹಾಕಿದ, ಎಂಟು ಕೋರ್ ಪ್ರೊಸೆಸರು, 16 ಜಿಬಿ ಮೆಮೊರಿಯ ಒಂದು ಸರ್ವರು ಮತ್ತು ಒಳ್ಳೆಯ ಇಂಟರ್‌ನೆಟ್ಟು. ತಿಂಗಳಿಗೆ ಕೆಲವು ಸಾವಿರ ರೂಪಾಯಿ ಬಾಡಿಗೆಗೆ ಇದು ಸಿಗುತ್ತದೆ. ಒಂದೇ ಶಾಲೆಗೆ ಹೊರೆಯಾದರೆ ನಾಲ್ಕೈದು ಸಂಸ್ಥೆಗಳು ಹಂಚಿಕೊಳ್ಳಬಹುದು. ಊರ ಕೆರೆಯ ಹೂಳನ್ನು ಹತ್ತು ಮನೆಯವರು ಸೇರಿ ಎತ್ತಿದಂತೆ ಇದು.

ನಾಲ್ಕನೆಯದಾಗಿ, ‘ಹೇಗೂ ಪುಕ್ಕಟೆ ಸಿಗುತ್ತಲ್ಲ’ ಎನ್ನುವ ಸಮಾಧಾನ. ಝೂಮ್‌ನ ಪುಕ್ಕಟೆ ಗುಂಪು ಸಭೆ 40 ನಿಮಿಷಕ್ಕೆ ನಿಲ್ಲುತ್ತದೆ. ಇಬ್ಬರ ಕರೆಗೆ ಮೊದಲಿದ್ದ ವಿನಾಯಿತಿಯೂ 2022ರಲ್ಲಿ ಹೋಯಿತು. ಗೂಗಲ್ ಮೀಟ್ 2021ರ ಮಧ್ಯದಿಂದ ಪುಕ್ಕಟೆ ಗುಂಪು ಕರೆಯನ್ನು 60 ನಿಮಿಷಕ್ಕೆ ಕಟ್ಟಿಹಾಕಿತು. ಇದಕ್ಕೆ ಓಪನ್ ಸೋರ್ಸ್ ಲೋಕವೂ ಪೂರ್ತಿ ಹೊರತಲ್ಲ. ಜಿಟ್ಸಿಯವರ ಸ್ವಂತ ಸಾರ್ವಜನಿಕ ಸರ್ವರಿನಲ್ಲಿ 2023ರ ಆಗಸ್ಟಿನಿಂದ ಸಭೆ ಶುರು ಮಾಡುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಲಾಗಿನ್ ಆಗಬೇಕಾಯಿತು. ಪರರ ಸರ್ವರಿನಲ್ಲಿ ಪುಕ್ಕಟೆ ಕೂರುವವರಿಗೆ ಷರತ್ತು ತಪ್ಪಿದ್ದಲ್ಲ. ವ್ಯತ್ಯಾಸವಿರುವುದು ಒಂದೇ ಕಡೆ: ಝೂಮ್‌ನ ಷರತ್ತು ಹಿಡಿಸದವರಿಗೆ ಅದೇ ಝೂಮ್ ಅನ್ನು ಆ ಕಂಪನಿಯ ಹಂಗಿಲ್ಲದೆ ತಮ್ಮಲ್ಲಿ ಹಾಕಿಕೊಳ್ಳುವ ದಾರಿಯಿಲ್ಲ, ಜಿಟ್ಸಿಯಲ್ಲಿ ಅದು ಎಲ್ಲರಿಗೂ ತೆರೆದಿದೆ.

ಭದ್ರತೆಯ ವಿಚಾರದಲ್ಲಿ ದೊಡ್ಡ ಕಂಪನಿಯ ಹೆಸರೇ ಸಾಕೆಂಬ ನಂಬಿಕೆಯೂ ಗಟ್ಟಿಯಲ್ಲ. 2020ರ ಏಪ್ರಿಲಿನಲ್ಲಿ ಕೇಂದ್ರ ಗೃಹ ಸಚಿವಾಲಯವೇ ಝೂಮ್ ಸುರಕ್ಷಿತ ವೇದಿಕೆಯಲ್ಲ ಎಂದು ಸೂಚನೆ ಹೊರಡಿಸಿತು. ತುದಿಯಿಂದ ತುದಿಗೆ ಗೂಢಲಿಪೀಕರಣ ಇದೆಯೆಂದು ಬಳಕೆದಾರರನ್ನು ದಾರಿ ತಪ್ಪಿಸಿದ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದೇ ವರ್ಷದ ನವೆಂಬರಿನಲ್ಲಿ ಕಂಪನಿಯ ಜತೆ ರಾಜಿ ಮಾಡಿಕೊಂಡಿತು. 2023ರ ಡಿಸೆಂಬರ್ ಮೊದಲ ವಾರದಲ್ಲಿ ಕರ್ನಾಟಕ ಹೈಕೋರ್ಟಿನ ಝೂಮ್ ಕಲಾಪಗಳಿಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ತೂರಿದ್ದರಿಂದ ವಿಡಿಯೊ ಕಲಾಪ, ನೇರ ಪ್ರಸಾರ ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಇಂಥ ನುಗ್ಗಾಟ ಬಾಗಿಲು ಕಾಯದ ಯಾವ ವೇದಿಕೆಯಲ್ಲೂ ಆಗಬಹುದು. ಬಿಗ್‌ಬ್ಲೂಬಟನ್ ಸರ್ವರು ನಡೆಸುವವರೂ ಮನಸ್ಸು ಮಾಡಿದರೆ ತರಗತಿಯ ಮಾತು ಕೇಳಬಲ್ಲರು. ಆದ್ದರಿಂದಲೇ ಸರ್ವರು ಯಾರದು, ಅದರ ಕೀಲಿ ಯಾರ ಬಳಿ, ದಾಖಲೆ ಎಷ್ಟು ದಿನ ಇರುತ್ತದೆ ಎಂದು ಪೋಷಕರು ಕೇಳಿದಾಗ ಉತ್ತರಿಸುವ ಮನುಷ್ಯ ಜಯನಗರದಲ್ಲೇ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆ ಒಪ್ಪಿಗೆಗೆ ಅರ್ಥ ಬರುವುದೂ ಹಾಗೆ ಉತ್ತರ ಸಿಕ್ಕಾಗಲೇ.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ಬಹುಕಾಲ ವಿಂಡೋಸಿನಲ್ಲಷ್ಟೇ ಓಡುತ್ತಿದ್ದ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪು ಮಾಡಿದ ಕಡತಗಳು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಗೀಚುಗಳಾದದ್ದನ್ನು ಪುಸ್ತಕ ಪ್ರಕಾಶಕರು, ಸರಕಾರಿ ಗುಮಾಸ್ತರು, ಪತ್ರಕರ್ತರು ಅನುಭವಿಸಿದ್ದಾರೆ. ಇಂದಿಗೂ ಹಳೆಯ ಕಡತಗಳನ್ನು ಯೂನಿಕೋಡಿಗೆ ತರಲು ಪರಿವರ್ತಕಗಳನ್ನು ಓಡಿಸಿ, ಒತ್ತಕ್ಷರಗಳನ್ನು ಕೈಯಿಂದ ತಿದ್ದುವ ಕೆಲಸ ನಡೆದೇ ಇದೆ. ಕನ್ನಡ ಎಲ್ಲ ಯಂತ್ರಗಳಿಗೂ ತಲುಪಿದ್ದು ಎಲ್ಲರೂ ಒಪ್ಪಿದ ಯೂನಿಕೋಡ್ ಎಂಬ ಮುಕ್ತ ಮಾನದಂಡದಿಂದ. ಅಕ್ಷರದಲ್ಲಿ ಪಟ್ಟ ಪಾಡನ್ನು ದನಿ, ಚಿತ್ರಗಳಲ್ಲಿ ಮತ್ತೆ ಪಡುವ ಅಗತ್ಯವಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ತಂತ್ರಾಂಶದಲ್ಲಿಲ್ಲ, ಜವಾಬ್ದಾರಿ ಹೊರುವ ಮನುಷ್ಯರಲ್ಲಿದೆ. ಸರ್ವರಿಗೆ ತಿಂಗಳಿಗೊಮ್ಮೆ ಅಪ್‌ಡೇಟ್ ಹಾಕಬೇಕು, ಪೋರ್ಟುಗಳು ತೆರೆದಿವೆಯೇ ನೋಡಬೇಕು, ಸಭೆಯ ಹಿಂದಿನ ದಿನ ಒಮ್ಮೆ ಪರೀಕ್ಷಿಸಬೇಕು. ಇದನ್ನೇ ಹೊಟ್ಟೆಪಾಡಿಗೆ ಮಾಡುವವರು ಬಿ.ಟಿ.ಎಂ. ಲೇಔಟಿನ ಪ್ರತಿ ರಸ್ತೆಯಲ್ಲೂ ಇದ್ದಾರೆ. ಅವರಲ್ಲಿ ಒಬ್ಬರನ್ನು ಗೌರವಧನ ಕೊಟ್ಟು ಕರೆಯುವ ಸಂಸ್ಥೆಗಳು ಬೆರಳೆಣಿಕೆಯಷ್ಟೂ ಕಾಣುವುದಿಲ್ಲ.

ನಿರ್ಧರಿಸುವ ಮುನ್ನ ಮಾಡಬೇಕಾದ ಪರೀಕ್ಷೆ ಸುಲಭ. ಒಂದು ಹಳೆಯ ಆಂಡ್ರಾಯ್ಡ್, ಒಂದು ಐಫೋನ್, ಒಂದೊಂದು ವಿಂಡೋಸ್, ಮ್ಯಾಕ್, ಉಬುಂಟು ಕಂಪ್ಯೂಟರಿಗೆ ಒಂದೇ ಲಿಂಕ್ ಕಳಿಸಬೇಕು. ಒಮ್ಮೆ ವೈಫೈನಲ್ಲಿ, ಒಮ್ಮೆ ಮೊಬೈಲ್ ಡೇಟಾದಲ್ಲಿ ಒಂದು ಗಂಟೆ ಮಾತಾಡಬೇಕು. ಯಾವುದು ಎಲ್ಲಿ, ಯಾಕೆ ಎಡವಿತು ಎಂದು ಬರೆದಿಟ್ಟುಕೊಳ್ಳಬೇಕು. ಝೂಮ್, ಮೀಟ್‌ಗಳಿಗೂ ಇದೇ ಪರೀಕ್ಷೆ ನಡೆಯಲಿ.

ಸರಕಾರದ ಹೊಣೆ ಇದಕ್ಕಿಂತ ಹೆಚ್ಚಿನದು. ಇ-ಆಡಳಿತದಲ್ಲಿ ಓಪನ್ ಸೋರ್ಸಿಗೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರಕಾರ ಹೊರಡಿಸಿದ್ದು 2015ರಲ್ಲೇ. 2025ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದಿರುವ ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಹಳೆಯ ಒಪ್ಪಂದಗಳ ಭಾರ ಕಡಿಮೆ, ನಿಯಮ ಬರೆಯುವ ಅವಕಾಶ ಹೆಚ್ಚು. ವಾರ್ಡ್ ಸಮಿತಿ ಸಭೆಗಳಿಗೆ ಪಾಲಿಕೆಯೇ ಒಂದು ಬಿಗ್‌ಬ್ಲೂಬಟನ್ ಸರ್ವರು ನಡೆಸಲಿ. ಆ್ಯಪ್ ಹಾಕಿಕೊಳ್ಳದೆ, ಖಾತೆ ತೆರೆಯದೆ ಯಾವ ನಾಗರಿಕನಾದರೂ ಬ್ರೌಸರಿನಿಂದ ಸೇರುವಂತಿರಬೇಕು, ಕೋಡು ಮುಕ್ತವಾಗಿರಬೇಕು, ದಾಖಲೆ ಪಾಲಿಕೆಯ ವಶದಲ್ಲೇ ಉಳಿಯಬೇಕು ಎಂಬ ಮೂರು ಷರತ್ತುಗಳನ್ನು ಮುಂದಿನ ಟೆಂಡರಿನಲ್ಲಿ ಸೇರಿಸಲು ಬೇಕಾಗುವುದು ಅರ್ಧ ಪುಟ.